ಬಾಹ್ಯಾಕಾಶ ನಿಲ್ದಾಣ ಎಂಟು ನಿಮಿಷ ತಡ: ಸಾಫ್ಟ್‌ವೇರ್ ಸರಿಯಿದೆ, ಟಿಎಲ್‌ಇ ಹಳೆಯದಾಗಿದೆ

ಪ್ರಶ್ನೆ: ನಾನು ಶಿವಮೊಗ್ಗ ಜಿಲ್ಲೆಯ ಒಂದು ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಲ್ಯಾಬ್ ನೋಡಿಕೊಳ್ಳುತ್ತೇನೆ. ತಾರಸಿ ಮೇಲೆ ಯಾಗಿ ಆಂಟೆನಾ, ಅದನ್ನು ತಿರುಗಿಸಲು ರೋಟೇಟರ್, ಕೆಳಗೆ ಲ್ಯಾಬಿನಲ್ಲಿ ಉಪಗ್ರಹ ಯಾವಾಗ, ಎಲ್ಲಿ ಬರುತ್ತದೆ ಎಂದು ಹೇಳುವ ಜಿಪ್ರಿಡಿಕ್ಟ್ ಸಾಫ್ಟ್‌ವೇರ್ ಇದೆ. ಎರಡು ತಿಂಗಳ ಹಿಂದೆ ಎಲ್ಲ ಚೆನ್ನಾಗಿತ್ತು. ಈಗ ಬಾಹ್ಯಾಕಾಶ ನಿಲ್ದಾಣದ ಸಿಗ್ನಲ್ ಸಾಫ್ಟ್‌ವೇರ್ ಹೇಳಿದ್ದಕ್ಕಿಂತ ಎಂಟು ನಿಮಿಷ ತಡವಾಗಿ ಬರುತ್ತಿದೆ. ಮೀಟಿಯಾರ್ ಹವಾಮಾನ ಉಪಗ್ರಹ ಮಾತ್ರ ಸರಿಯಾಗಿ ಸಿಗುತ್ತಿದೆ. ಟಿಎಲ್‌ಇ (ಉಪಗ್ರಹದ ಕಕ್ಷೆಯ ಅಂಕಿಗಳು) ಅಪ್‌ಡೇಟ್ ಒತ್ತಿದರೆ ಒಂದೂ ಉಪಗ್ರಹ ಅಪ್‌ಡೇಟ್ ಆಗುವುದಿಲ್ಲ. ವಿದ್ಯಾರ್ಥಿಗಳು ಪೈಥಾನ್‌ನಲ್ಲಿ ಬರೆದ ಪ್ರೋಗ್ರಾಂ ಬೇರೆಯೇ ಉತ್ತರ ಕೊಡುತ್ತದೆ. ಫೋಲ್ಡರಿನಲ್ಲಿ ನೂರಾರು ಹಳೆಯ ಫೈಲ್ ಬಿದ್ದಿವೆ, ಅಳಿಸಬಹುದಾ? ಈ ಡೇಟಾ ಇಟ್ಟುಕೊಳ್ಳುವ ಸರಿಯಾದ ಕ್ರಮ ಯಾವುದು?

ಉತ್ತರ: ಮೀಟಿಯಾರ್ ಸರಿಯಾಗಿ ಸಿಗುತ್ತಿದೆ ಎಂದು ಬರೆದಿರಲ್ಲ, ಅರ್ಧ ಉತ್ತರ ಅದರಲ್ಲೇ ಇದೆ. ಕಂಪ್ಯೂಟರಿನ ಗಡಿಯಾರ ತಪ್ಪಿದ್ದರೆ ಎಲ್ಲ ಉಪಗ್ರಹಗಳೂ ಒಂದೇ ಸಮ ತಪ್ಪಬೇಕಿತ್ತು. ಊರಿನ ಅಕ್ಷಾಂಶ, ರೇಖಾಂಶ ತಪ್ಪಿದ್ದರೂ ಮೀಟಿಯಾರ್ ಕೈಕೊಡುತ್ತಿತ್ತು. (ಹೊಸದಾಗಿ ಹಾಕಿಕೊಂಡವರು ಇದನ್ನು ನೋಡಲೇಬೇಕು. ಜಿಪ್ರಿಡಿಕ್ಟ್ ಜೊತೆ ಬರುವ ಮಾದರಿ ಊರು ಡೆನ್ಮಾರ್ಕಿನ ಕೋಪನ್‌ಹೇಗನ್. ಅದನ್ನು ಬದಲಿಸದೆ ತಿಂಗಳುಗಟ್ಟಲೆ ಆಕಾಶ ನೋಡಿದವರನ್ನು ಕಂಡಿದ್ದೇನೆ.) ಹಾಗಾಗಿ ನಿಮ್ಮ ಗಡಿಯಾರ, ಆಂಟೆನಾ, ಸಾಫ್ಟ್‌ವೇರ್ ಎಲ್ಲ ಸರಿಯಿವೆ. ಹಳಸಿರುವುದು ಡೇಟಾ.

ಹಳಸುವುದು ಅಂದರೆ ಏನು, ನೋಡೋಣ. ಜಿಪ್ರಿಡಿಕ್ಟ್ ಆಗಲಿ, ಆರ್ಬಿಟ್ರಾನ್ ಆಗಲಿ, ಮೊಬೈಲಿನ ಲುಕ್‌ಫೋರ್‌ಸ್ಯಾಟ್ ಆಗಲಿ ಉಪಗ್ರಹವನ್ನು ನೋಡುತ್ತಿರುವುದಿಲ್ಲ. ಅಮೆರಿಕದ ಸ್ಪೇಸ್ ಫೋರ್ಸ್ ರಡಾರ್, ಟೆಲಿಸ್ಕೋಪ್‌ಗಳಿಂದ ಅಳತೆ ತೆಗೆದು, ಪ್ರತಿ ಉಪಗ್ರಹಕ್ಕೂ ಎರಡು ಸಾಲು ಅಂಕಿ ಬರೆದು ಕೊಡುತ್ತದೆ. ಅದೇ ಟಿಎಲ್‌ಇ. ಆ ಎರಡು ಸಾಲು ಒಂದು ನಿರ್ದಿಷ್ಟ ಕ್ಷಣಕ್ಕೆ ಹೇಳಿದ ಮಾತು. ಆ ಕ್ಷಣಕ್ಕೆ ಎಪಾಕ್ ಎನ್ನುತ್ತೇವೆ. ಅಲ್ಲಿಂದ ಮುಂದಿನದೆಲ್ಲ ಸಾಫ್ಟ್‌ವೇರ್ ಹಾಕುವ ಲೆಕ್ಕ. ಎಪಾಕ್ ಹೊತ್ತಿಗೇ ಸುಮಾರು ಒಂದು ಕಿಲೋಮೀಟರ್ ತಪ್ಪಿರುತ್ತದೆ. ಆಮೇಲೆ ದಿನಕ್ಕೆ ಒಂದರಿಂದ ಮೂರು ಕಿಲೋಮೀಟರ್ ಸೇರಿಕೊಳ್ಳುತ್ತಾ ಹೋಗುತ್ತದೆ, ಕೆಳಗಿನ ಕಕ್ಷೆಯಲ್ಲಿ ಇನ್ನೂ ಜಾಸ್ತಿ. ಎರಡು ತಿಂಗಳ ಹಿಂದಿನ ಟಿಎಲ್‌ಇಯಿಂದ ಇವತ್ತಿನ ಪಾಸ್ (ಉಪಗ್ರಹ ನಮ್ಮ ಆಕಾಶ ಹಾದುಹೋಗುವ ಹೊತ್ತು) ಹುಡುಕುವುದು, ಹೋದ ವರ್ಷದ ಪಂಚಾಂಗ ಹಿಡಿದು ಈ ವರ್ಷದ ಏಕಾದಶಿ ಹುಡುಕಿದ ಹಾಗೆ.

ಹಾಗಾದರೆ ಮೀಟಿಯಾರ್ ಯಾಕೆ ಹಳಸಲಿಲ್ಲ? ಅದು ಇರುವುದು ಸುಮಾರು 820 ಕಿ.ಮೀ. ಎತ್ತರದಲ್ಲಿ. ಅಲ್ಲಿ ಗಾಳಿ ಇಲ್ಲವೆನ್ನುವಷ್ಟು ಕಡಿಮೆ. ಎರಡು ತಿಂಗಳಾದರೂ ತಪ್ಪು ಸೆಕೆಂಡುಗಳ ಲೆಕ್ಕದಲ್ಲಿರುತ್ತದೆ, ಅಗಲವಾಗಿ ಕೇಳಿಸಿಕೊಳ್ಳುವ ಆಂಟೆನಾಕ್ಕೆ ಅದು ಗೊತ್ತೇ ಆಗುವುದಿಲ್ಲ. ಬಾಹ್ಯಾಕಾಶ ನಿಲ್ದಾಣ 400 ಕಿ.ಮೀ. ಚಿಲ್ಲರೆ ಎತ್ತರದಲ್ಲಿದೆ. ಅಲ್ಲಿ ತೆಳುವಾದ ಗಾಳಿ ಅದನ್ನು ದಿನವೂ ಸ್ವಲ್ಪ ಸ್ವಲ್ಪ ಕೆಳಗೆ ಎಳೆಯುತ್ತದೆ. ಆಗಾಗ ಎಂಜಿನ್ ಉರಿಸಿ ನಿಲ್ದಾಣವನ್ನು ಮತ್ತೆ ಮೇಲೆತ್ತುತ್ತಾರೆ. ಹಳೆಯ ಟಿಎಲ್‌ಇಗೆ ಗಾಳಿಯ ಎಳೆತದ ಅಂದಾಜು ಗೊತ್ತು, ಎಂಜಿನ್ ಉರಿಸಿದ್ದು ಗೊತ್ತಿಲ್ಲ. ಮೇಲೆ ಹೋದ ಉಪಗ್ರಹದ ಸುತ್ತು ದೊಡ್ಡದಾಗುತ್ತದೆ, ಓಟ ನಿಧಾನವಾಗುತ್ತದೆ, ಹಾಗಾಗಿ ತಡವಾಗಿ ಬರುತ್ತದೆ. ಗಾಳಿಯ ಎಳೆತ ಅಂದಾಜಿಗಿಂತ ಜಾಸ್ತಿಯಾಗಿದ್ದರೆ ಇದು ಉಲ್ಟಾ ಆಗಿ, ಮೊದಲೇ ಬಂದುಬಿಡುತ್ತಿತ್ತು. ನಿಮ್ಮದು ತಡ ಅಂದಮೇಲೆ ಮಧ್ಯದಲ್ಲಿ ನಿಲ್ದಾಣವನ್ನು ಮೇಲೆತ್ತಿರುವುದೇ ಕಾರಣ ಎಂದು ನನಗನ್ನಿಸುತ್ತದೆ.

ಎಂಟು ನಿಮಿಷ ಅಂದರೆ ಸಣ್ಣದು ಅನ್ನಿಸಬಹುದು. ನಿಲ್ದಾಣ ಸೆಕೆಂಡಿಗೆ 7.66 ಕಿ.ಮೀ. ಓಡುತ್ತದೆ. ಎಂಟು ನಿಮಿಷಕ್ಕೆ 3,600 ಕಿ.ಮೀ. ದಾಟುತ್ತದೆ, ನಮ್ಮ ದೇಶದ ಉತ್ತರ ತುದಿಯಿಂದ ದಕ್ಷಿಣ ತುದಿಗಿಂತ ಜಾಸ್ತಿ. ಅಷ್ಟರಲ್ಲಿ ಭೂಮಿಯೂ ಎರಡು ಡಿಗ್ರಿ ತಿರುಗಿರುತ್ತದೆ, ಅಂದರೆ ನಮ್ಮ ಅಕ್ಷಾಂಶದಲ್ಲಿ ಇನ್ನೂರು ಕಿಲೋಮೀಟರ್ ಚಿಲ್ಲರೆ. ಹಾಗಾಗಿ ಹೊತ್ತಷ್ಟೇ ಅಲ್ಲ, ದಾರಿಯೂ ಸರಿದಿರುತ್ತದೆ. ನೆತ್ತಿಯ ಮೇಲೆ ಬರುತ್ತದೆ ಅಂದುಕೊಂಡದ್ದು ಒಂದು ಪಕ್ಕಕ್ಕೆ ವಾಲಿ ಹೋಗುತ್ತದೆ. ಒಂದು ಒಳ್ಳೆಯ ಪಾಸ್ ಕ್ಷಿತಿಜದಿಂದ ಕ್ಷಿತಿಜಕ್ಕೆ ಹತ್ತು ನಿಮಿಷ. ನಿಮ್ಮ ರೋಟೇಟರ್ ಒಂದು ಕಡೆ ಮುಳುಗುವ ಹೊತ್ತಿಗೆ ನಿಲ್ದಾಣ ಇನ್ನೊಂದು ಕಡೆ ಏಳುತ್ತಿರುತ್ತದೆ.

ಈಗ ಅಪ್‌ಡೇಟ್ ಯಾಕೆ ಆಗುತ್ತಿಲ್ಲ ಎಂಬುದು. ಹೆಚ್ಚಿನ ಪ್ರೋಗ್ರಾಂಗಳು ಡೇಟಾ ತರುವುದು ಸೆಲೆಸ್ಟ್ರ್ಯಾಕ್ ಎಂಬ ವೆಬ್ ತಾಣದಿಂದ. ಟಿ. ಎಸ್. ಕೆಲ್ಸೊ ಅದನ್ನು 1985ರಿಂದ ನಡೆಸಿಕೊಂಡು ಬಂದಿದ್ದಾರೆ. ನಮ್ಮಂಥವರ ಅರ್ಧ ಕೆಲಸ ನಡೆಯುವುದೇ ಅವರಿಂದ. ಆ ತಾಣ ಡಾಟ್ ಕಾಮ್‌ನಿಂದ ಡಾಟ್ ಆರ್ಗ್‌ಗೆ ಹೋಗಿದೆ, ಫೈಲ್ ಕೇಳುವ ವಿಳಾಸದ ರೀತಿಯೂ ಬದಲಾಗಿದೆ. ಹಳೆಯ ಜಿಪ್ರಿಡಿಕ್ಟ್ ಒಳಗೆ ಹಳೆಯ ವಿಳಾಸಗಳೇ ಕೂತಿರುತ್ತವೆ. ಪ್ರಿಫರೆನ್ಸಸ್ ಒಳಗೆ ಟಿಎಲ್‌ಇ ಅಪ್‌ಡೇಟ್ ಎಂಬ ಪುಟ ತೆರೆಯಿರಿ. ಅಲ್ಲಿರುವ ವಿಳಾಸಗಳನ್ನು ತೆಗೆದು, ಸೆಲೆಸ್ಟ್ರ್ಯಾಕ್ ಈಗ ಕೊಡುವ ಅಮೆಚೂರ್, ವೆದರ್, ಸ್ಟೇಷನ್ಸ್ ಈ ಮೂರು ಗುಂಪುಗಳ ಟಿಎಲ್‌ಇ ಕೊಂಡಿಗಳನ್ನು ಕಾಪಿ ಮಾಡಿ ಹಾಕಿ. ನಿಮ್ಮ ಲ್ಯಾಬಿಗೆ ಅಷ್ಟು ಸಾಕು. ಹೊಸ ಉಪಗ್ರಹಗಳನ್ನೂ ಸೇರಿಸು ಎಂಬ ಒಂದು ಚೌಕ ಅಲ್ಲೇ ಇರುತ್ತದೆ, ಅದಕ್ಕೆ ಟಿಕ್ ಹಾಕಿ. ಇಲ್ಲದಿದ್ದರೆ ನಿಮ್ಮಲ್ಲಿ ಈಗಾಗಲೇ ಇರುವವು ಮಾತ್ರ ಹೊಸದಾಗುತ್ತವೆ, ಮೊನ್ನೆ ಹಾರಿದ್ದು ಪಟ್ಟಿಗೆ ಬರುವುದೇ ಇಲ್ಲ.

ವಿಳಾಸ ಸರಿ ಮಾಡಿದ ಮೇಲೂ ಬರದಿದ್ದರೆ ಇನ್ನೊಂದು ಕಾರಣ ಇರಬಹುದು. ಕಾಲೇಜುಗಳಲ್ಲಿ ಇದು ಜಾಸ್ತಿ. ಸೆಲೆಸ್ಟ್ರ್ಯಾಕ್ ಹೊಸ ಡೇಟಾ ಬಂದಿದೆಯಾ ಎಂದು ನೋಡುವುದೇ ಎರಡು ಗಂಟೆಗೊಮ್ಮೆ. ಅದಕ್ಕಿಂತ ಬೇಗ ಬೇಗ ಕೇಳುವವರನ್ನು ಅದು ತಡೆದುಬಿಡುತ್ತದೆ. ನಿಮ್ಮ ಲ್ಯಾಬಿನ ಮೂವತ್ತು ಕಂಪ್ಯೂಟರುಗಳೂ ಹೊರಗಿನಿಂದ ನೋಡಿದರೆ ಒಂದೇ ಐಪಿ ವಿಳಾಸ. ಮೂವತ್ತೂ ಒಂದೇ ಫೈಲನ್ನು ಎಳೆದರೆ ಅಲ್ಲಿ ಕಾಣುವುದು ಒಬ್ಬನೇ ಮನುಷ್ಯ ಮೂವತ್ತು ಸಲ ಬಾಗಿಲು ಬಡಿದಂತೆ.

ಒಂದು ಕಾಲೇಜಿನಲ್ಲಿ ನಾನೇ ಕಣ್ಣಾರೆ ಕಂಡದ್ದು ಹೇಳುತ್ತೇನೆ. ಅಲ್ಲಿ ಪ್ರತಿ ಕಂಪ್ಯೂಟರಿನಲ್ಲೂ ಐದು ನಿಮಿಷಕ್ಕೊಮ್ಮೆ ಡೌನ್‌ಲೋಡ್ ಮಾಡುವ ಸ್ಕ್ರಿಪ್ಟ್ ಓಡುತ್ತಿತ್ತು. ಹೊಸ ಫೈಲ್ ಬಂದ ಕೂಡಲೇ ಹಳೆಯದರ ಮೇಲೆ ಬರೆಯುತ್ತಿತ್ತು. ಒಂದು ದಿನ ತಡೆ ಬಿತ್ತು. ಅವತ್ತು ಬಂದದ್ದು ಟಿಎಲ್‌ಇ ಅಲ್ಲ, ಅನುಮತಿ ಇಲ್ಲ ಎನ್ನುವ ಒಂದು ಪುಟ. ಸ್ಕ್ರಿಪ್ಟಿಗೆ ಅದು ಗೊತ್ತಾಗುವುದು ಹೇಗೆ? ಒಳ್ಳೆಯ ಫೈಲಿನ ಮೇಲೆ ಅದನ್ನೇ ಬರೆದುಬಿಟ್ಟಿತು. ಮಕ್ಕಳು ಕಟ್ಟಿದ ಸ್ಟೇಷನ್ ಮರುದಿನ ಬೆಳಿಗ್ಗೆ ಒಂದೂ ಉಪಗ್ರಹವಿಲ್ಲದೆ ಖಾಲಿ ಕೂತಿತ್ತು. ಅವರ ಮುಖ ನೋಡಿ ನನಗೆ ಬಹಳ ಬೇಜಾರಾಯಿತು, ಯಾಕೆಂದರೆ ಇದನ್ನು ತಪ್ಪಿಸುವುದು ಹತ್ತು ಸಾಲಿನ ಕೆಲಸ.

ಆ ಹತ್ತು ಸಾಲು ಹೀಗಿರಲಿ. ಒಂದೇ ಕಂಪ್ಯೂಟರ್ ದಿನಕ್ಕೊಮ್ಮೆ ಡೌನ್‌ಲೋಡ್ ಮಾಡಲಿ. ಸರಿಯಾಗಿ ಆರು ಗಂಟೆಗೆ ಬೇಡ, ಪ್ರಪಂಚದ ಎಲ್ಲ ಸ್ಕ್ರಿಪ್ಟುಗಳೂ ಗಂಟೆ ಹೊಡೆದ ಕೂಡಲೇ ಎದ್ದು ಓಡುತ್ತವೆ. 6:17ಕ್ಕೋ 6:43ಕ್ಕೋ ಇಡಿ. ಬಂದದ್ದನ್ನು ಮೊದಲು ಬೇರೆ ಹೆಸರಿನಲ್ಲಿ ಉಳಿಸಿ, ಪರೀಕ್ಷಿಸಿ, ಪಾಸಾದರೆ ಮಾತ್ರ ಅಸಲಿ ಜಾಗಕ್ಕೆ ಹಾಕಿ. ಅದನ್ನು ಲ್ಯಾಬಿನ ನೆಟ್‌ವರ್ಕ್ ಫೋಲ್ಡರಿನಲ್ಲಿಡಿ. ಉಳಿದ ಕಂಪ್ಯೂಟರುಗಳ ಜಿಪ್ರಿಡಿಕ್ಟ್, ಲೋಕಲ್ ಫೈಲಿನಿಂದ ಅಪ್‌ಡೇಟ್ ಎಂಬ ಆಯ್ಕೆಯಲ್ಲಿ ಅಲ್ಲಿಂದ ತೆಗೆದುಕೊಳ್ಳುತ್ತದೆ. ಇಂಟರ್‌ನೆಟ್ ಹೋದ ದಿನವೂ ಲ್ಯಾಬ್ ನಿಲ್ಲುವುದಿಲ್ಲ.

ಪರೀಕ್ಷಿಸುವುದು ಹೇಗೆ? ಇಲ್ಲಿ ಸ್ವಲ್ಪ ನಿಲ್ಲೋಣ, ನಿಮ್ಮ ವಿದ್ಯಾರ್ಥಿಗಳ ಪ್ರೋಗ್ರಾಂ ಎಡವಿರುವುದೂ ಇಲ್ಲೇ ಇರಬಹುದು. ಬಾಹ್ಯಾಕಾಶ ನಿಲ್ದಾಣದ 2008ರ ಒಂದು ಎರಡನೇ ಸಾಲು ನೋಡಿ:

2 25544  51.6416 247.4627 0006703 130.5360 325.0288 15.72125391563537

ಮೊದಲ 2 ಎರಡನೇ ಸಾಲು ಎಂಬ ಗುರುತು. 25544 ನಿಲ್ದಾಣದ ಕ್ಯಾಟಲಾಗ್ ಸಂಖ್ಯೆ, ಪ್ರತಿ ಉಪಗ್ರಹಕ್ಕೂ ಇಂಥದ್ದೊಂದು ಇರುತ್ತದೆ. 51.6416 ಕಕ್ಷೆ ಭೂಮಧ್ಯರೇಖೆಗೆ ಎಷ್ಟು ಡಿಗ್ರಿ ವಾಲಿದೆ ಎಂಬುದು. ನಂತರದ 247.4627 ಆ ವಾಲಿದ ಕಕ್ಷೆ ಯಾವ ದಿಕ್ಕಿಗೆ ಮುಖ ಮಾಡಿದೆ ಎಂದು ಹೇಳುತ್ತದೆ. 0006703 ಅಂದರೆ 0.0006703. ಕಕ್ಷೆ ಎಷ್ಟು ಮೊಟ್ಟೆಯಾಕಾರ ಎಂಬ ಅಳತೆ ಇದು, ಮುಂದಿನ ಸೊನ್ನೆ ಮತ್ತು ಚುಕ್ಕಿ ಬರೆಯುವುದಿಲ್ಲ, ಇದೆ ಅಂದುಕೊಳ್ಳಬೇಕು. ನಂತರದ ಎರಡು ಕೋನಗಳು ಕಕ್ಷೆಯ ಅತಿ ಹತ್ತಿರದ ಬಿಂದು ಎಲ್ಲಿದೆ, ಉಪಗ್ರಹ ಅಲ್ಲಿಂದ ಎಷ್ಟು ಮುಂದಿದೆ ಎಂಬುದಕ್ಕೆ.

ಕೊನೆಯ ಉದ್ದದ ಸಂಖ್ಯೆಯಲ್ಲಿ ಎಲ್ಲರೂ ಬೀಳುತ್ತಾರೆ. ಅದು ಒಂದು ಸಂಖ್ಯೆಯೇ ಅಲ್ಲ, ಮೂರು. 15.72125391 ದಿನಕ್ಕೆ ಎಷ್ಟು ಸುತ್ತು ಎಂಬುದು. ಅದಕ್ಕೆ ಅಂಟಿಕೊಂಡಿರುವ 56353 ಹಾರಿದಾಗಿನಿಂದ ಎಷ್ಟನೇ ಸುತ್ತು ಎಂಬುದು. ಕೊನೆಯ 7 ತಾಳೆ ಅಂಕೆ, ಸಾಲು ತಪ್ಪಿಲ್ಲದೆ ಬಂದಿದೆಯಾ ಎಂದು ನೋಡಲು ಇರುವುದು. ವಿದ್ಯಾರ್ಥಿಗಳು ಖಾಲಿ ಜಾಗ ಕಂಡಲ್ಲಿ ಸಾಲನ್ನು ತುಂಡು ಮಾಡುವ ಕೋಡ್ ಬರೆದಿದ್ದರೆ ಮೂರೂ ಒಂದಾಗಿ ಬರುತ್ತವೆ. ಸುತ್ತಿನ ಸಂಖ್ಯೆ ಹತ್ತು ಸಾವಿರಕ್ಕಿಂತ ಕಡಿಮೆ ಇರುವ ಹೊಸ ಉಪಗ್ರಹಗಳಲ್ಲಿ ಮಧ್ಯೆ ಖಾಲಿ ಜಾಗ ಇರುತ್ತದೆ, ಹಾಗಾಗಿ ಅಲ್ಲಿ ಅದೇ ಕೋಡ್ ಸರಿಯಾಗಿ ಓಡುತ್ತದೆ. ಒಂದು ಕಡೆ ಸರಿ, ಇನ್ನೊಂದು ಕಡೆ ತಪ್ಪು ಆದರೆ ಹುಡುಕುವುದು ಎಷ್ಟು ಕಷ್ಟ, ಅಲ್ವಾ? ಟಿಎಲ್‌ಇಯನ್ನು ಯಾವಾಗಲೂ ಅಕ್ಷರದ ಸ್ಥಾನ ಎಣಿಸಿ ಓದಬೇಕು. ಸಾಲಿಗೆ 69 ಸ್ಥಾನ, ಎಲ್ಲೆಲ್ಲಿ ಏನಿರಬೇಕು ಎಂಬುದು ಗಟ್ಟಿ.

ತಾಳೆ ಅಂಕೆ ನೋಡುವುದು ಸುಲಭ. ಕೊನೆಯದನ್ನು ಬಿಟ್ಟು ಸಾಲಿನ ಎಲ್ಲ ಅಂಕೆಗಳನ್ನು ಕೂಡಿ. ಮೈನಸ್ ಗುರುತಿಗೆ 1, ಅಕ್ಷರ, ಚುಕ್ಕಿ, ಖಾಲಿ ಜಾಗಕ್ಕೆ 0. ಮೇಲಿನ ಸಾಲಿನಲ್ಲಿ ಮೊತ್ತ 197 ಬರುತ್ತದೆ. ಅದರ ಕೊನೆಯ ಅಂಕೆ 7, ಸಾಲಿನ ಕೊನೆಯಲ್ಲೂ 7. ತಾಳೆಯಾಯಿತು. ಸಾಲು 69 ಅಕ್ಷರ ಇದೆಯಾ, ಎರಡೂ ಸಾಲಿನ ಕ್ಯಾಟಲಾಗ್ ಸಂಖ್ಯೆ ಒಂದೇನಾ, ತಾಳೆ ಅಂಕೆ ಸರಿಯಾ? ಈ ಮೂರು ಪ್ರಶ್ನೆ ಕೇಳಿದ್ದರೆ ಆ ಕಾಲೇಜಿನ ಸ್ಕ್ರಿಪ್ಟ್ ಆ ತಪ್ಪು ಪುಟವನ್ನು ಬಾಗಿಲಲ್ಲೇ ತಡೆಯುತ್ತಿತ್ತು.

ಇದರ ಜೊತೆಯ ಮೊದಲ ಸಾಲಿನಲ್ಲಿ ಎಪಾಕ್ ಹೀಗಿತ್ತು: 08264.51782528. ಅಂದರೆ 2008ನೇ ಇಸವಿಯ 264ನೇ ದಿನ, ಸೆಪ್ಟೆಂಬರ್ 20. ಚುಕ್ಕಿಯ ನಂತರದ್ದು ಆ ದಿನದ ಭಾಗ. 24ರಿಂದ ಗುಣಿಸಿದರೆ ಯುಟಿಸಿ (ಜಾಗತಿಕ ಸಮಯ) 12 ಗಂಟೆ 25 ನಿಮಿಷ 40 ಸೆಕೆಂಡ್ ಬರುತ್ತದೆ, ನಮ್ಮ ಸಮಯಕ್ಕೆ ಐದೂವರೆ ಗಂಟೆ ಸೇರಿಸಿ ಸಂಜೆ 5:55. ಈ ಒಂದು ಸಂಖ್ಯೆಯನ್ನು ಓದುವುದು ಕಲಿತರೆ ಡೇಟಾ ಎಷ್ಟು ಹಳೆಯದು ಎಂದು ಯಾರನ್ನೂ ಕೇಳಬೇಕಾಗಿಲ್ಲ. ಕೊನೆಯ ಸಲ ಅಪ್‌ಡೇಟ್ ಮಾಡಿದ್ದು ಯಾವಾಗ ಎಂದು ಸಾಫ್ಟ್‌ವೇರ್ ತೋರಿಸುವ ತಾರೀಖನ್ನು ನಂಬಬೇಡಿ. ಅದು ಫೈಲ್ ಬಂದ ದಿನ. ನಿನ್ನೆ ತಂದ ಫೈಲಿನೊಳಗೆ ಹತ್ತು ದಿನ ಹಳೆಯ ಎಪಾಕ್ ಇರಬಹುದು.

2008ರಲ್ಲಿ ದಿನಕ್ಕೆ 15.72 ಸುತ್ತು ಇದ್ದದ್ದನ್ನು ಗಮನಿಸಿ. ಆಗ ನಿಲ್ದಾಣ ಸುಮಾರು 350 ಕಿ.ಮೀ. ಎತ್ತರದಲ್ಲಿತ್ತು. 2011ರಲ್ಲಿ 400ರ ಆಸುಪಾಸಿಗೆ ಏರಿಸಿದರು. ಈಗ ದಿನಕ್ಕೆ ಸುಮಾರು 15.5 ಸುತ್ತು. ವ್ಯತ್ಯಾಸ 0.2 ಅಷ್ಟೇ, ಆದರೆ ಐದು ದಿನಕ್ಕೆ ಒಂದು ಪೂರ್ತಿ ಸುತ್ತು ಹೆಚ್ಚುಕಡಿಮೆಯಾಗುತ್ತದೆ.

ವಿದ್ಯಾರ್ಥಿಗಳ ಪ್ರೋಗ್ರಾಂ ಬಗ್ಗೆ ಇನ್ನೊಂದು ಮಾತು. ಸಾಲನ್ನು ಸರಿಯಾಗಿ ಓದಿದ ಮೇಲೂ ಕೆಪ್ಲರ್ ಸೂತ್ರ ಹಾಕಿ ಲೆಕ್ಕ ಮಾಡಿದ್ದರೆ ಉತ್ತರ ತಪ್ಪೇ ಬರುತ್ತದೆ. ಟಿಎಲ್‌ಇಯಲ್ಲಿರುವುದು ಉಪಗ್ರಹದ ಆ ಕ್ಷಣದ ನಿಜವಾದ ಕಕ್ಷೆಯಲ್ಲ. ಭೂಮಿಯ ಸೊಂಟದ ಉಬ್ಬಿನಿಂದ ಬರುವ ಸಣ್ಣ ಓಲಾಟಗಳನ್ನು ಒಂದು ನಿರ್ದಿಷ್ಟ ರೀತಿಯಲ್ಲಿ ತೆಗೆದುಹಾಕಿ ಬರೆದ ಸರಾಸರಿ ಅಂಕಿಗಳು ಅವು. ಆ ಓಲಾಟಗಳನ್ನು ಅದೇ ರೀತಿಯಲ್ಲಿ ವಾಪಸ್ ಸೇರಿಸುವುದು ಎಸ್‌ಜಿಪಿ4 ಎಂಬ ಲೆಕ್ಕಕ್ಕೆ ಮಾತ್ರ ಗೊತ್ತು. ಅದರ ಸೂತ್ರ, ಕೋಡ್ 1980ರಲ್ಲೇ ಪ್ರಕಟವಾಗಿವೆ, 2006ರಲ್ಲಿ ಕೋಡನ್ನು ತಿದ್ದಿ ಮತ್ತೆ ಪ್ರಕಟಿಸಿದರು. ಪೈಥಾನ್‌ನಲ್ಲಿ ಅದೇ ಹೆಸರಿನ ಲೈಬ್ರರಿ ಇದೆ, ಅದರ ಮೇಲೆ ಕಟ್ಟಿದ ಸ್ಕೈಫೀಲ್ಡ್ ಇನ್ನೂ ಸುಲಭ. ಕೆಪ್ಲರ್ ಸೂತ್ರದಿಂದ ಕಲಿಯಲಿ, ತುಂಬಾ ಒಳ್ಳೆಯದು. ಆದರೆ ರೋಟೇಟರ್ ತಿರುಗಿಸುವುದು ಎಸ್‌ಜಿಪಿ4 ಆಗಿರಲಿ.

ಹಳೆಯ ಫೈಲುಗಳನ್ನು ದಯವಿಟ್ಟು ಅಳಿಸಬೇಡಿ. ಇವತ್ತಿನ ಪಾಸಿಗೆ ಹಳೆಯ ಟಿಎಲ್‌ಇ ಬೇಡ, ನಿಜ. ಆದರೆ ಹಳೆಯ ರೆಕಾರ್ಡಿಂಗಿಗೆ ಹಳೆಯದೇ ಬೇಕು. 2024ರ ಮೇ 10, 11ರಂದು ದೊಡ್ಡ ಸೌರ ಬಿರುಗಾಳಿ ಬಂದು ಲಡಾಖಿನ ಹಾನ್ಲೆಯಲ್ಲಿ ಆಕಾಶ ಕೆಂಪಾಗಿದ್ದು ನೆನಪಿರಬಹುದು. ಅಂಥ ದಿನಗಳಲ್ಲಿ ಮೇಲಿನ ಗಾಳಿ ಬಿಸಿಯಾಗಿ ಉಬ್ಬುತ್ತದೆ, ಕೆಳಗಿನ ಉಪಗ್ರಹಗಳ ಎಳೆತ ಒಮ್ಮೆಲೇ ಏರುತ್ತದೆ. 2022ರ ಫೆಬ್ರವರಿಯಲ್ಲಿ ಅದಕ್ಕಿಂತ ಸಣ್ಣ ಬಿರುಗಾಳಿಗೇ, ಆಗಷ್ಟೇ ಹಾರಿದ್ದ 49 ಸ್ಟಾರ್‌ಲಿಂಕ್ ಉಪಗ್ರಹಗಳಲ್ಲಿ 38 ಕೆಳಗೆ ಬಿದ್ದು ಉರಿದುಹೋದವು. ಅಂಥ ದಿನದ ಸಿಗ್ನಲ್ ನಿಮ್ಮ ಹತ್ತಿರ ಇದ್ದು, ಆ ವಾರದ ಟಿಎಲ್‌ಇಗಳೂ ಇದ್ದರೆ, ಕಕ್ಷೆ ದಿನದಿಂದ ದಿನಕ್ಕೆ ಹೇಗೆ ಕುಸಿಯಿತು ಎಂದು ವಿದ್ಯಾರ್ಥಿಗಳು ಗ್ರಾಫ್ ಹಾಕಿ ನೋಡಬಹುದು. ಅದಕ್ಕಿಂತ ಒಳ್ಳೆಯ ಪ್ರಾಜೆಕ್ಟ್ ಯಾವುದಿದೆ? ಜಾಗದ ಚಿಂತೆಯೂ ಬೇಡ. ನೂರು ಉಪಗ್ರಹಗಳ ಟಿಎಲ್‌ಇ ದಿನವೂ ಇಟ್ಟರೂ ವರ್ಷಕ್ಕೆ ಐದು ಎಂಬಿ ಆಸುಪಾಸು. ಕಳೆದುಕೊಂಡಿರುವ ಹಳೆಯದು ಬೇಕಾದರೆ ಸ್ಪೇಸ್ ಫೋರ್ಸ್‌ನ ತಾಣವಾದ ಸ್ಪೇಸ್‌ಟ್ರ್ಯಾಕ್‌ನಲ್ಲಿ ಉಚಿತವಾಗಿ ಖಾತೆ ತೆರೆದು ಪಡೆಯಬಹುದು.

ಇಡುವ ಕ್ರಮ ಸರಳವಾಗಿರಲಿ. ಒಂದು ಎಸ್‌ಕ್ಯೂಲೈಟ್ (ಒಂದೇ ಫೈಲಿನ ಸಣ್ಣ ಡೇಟಾಬೇಸ್) ಫೈಲ್ ಸಾಕು. ಅದರಲ್ಲಿ ಕ್ಯಾಟಲಾಗ್ ಸಂಖ್ಯೆ, ಎಪಾಕ್, ಎಲ್ಲಿಂದ ತಂದದ್ದು, ಯಾವಾಗ ತಂದದ್ದು, ಮತ್ತು ಬಂದ ಎರಡು ಸಾಲು ಒಂದಕ್ಷರವೂ ಬದಲಾಗದೆ ಹಾಗೇ. ಕ್ಯಾಟಲಾಗ್ ಸಂಖ್ಯೆ ಮತ್ತು ಎಪಾಕ್ ಎರಡೂ ಸೇರಿ ಒಂದು ಗುರುತು, ಹಾಗಾಗಿ ಒಂದೇ ಟಿಎಲ್‌ಇ ಹತ್ತು ಸಲ ಬಂದರೂ ಒಂದೇ ಸಲ ಉಳಿಯುತ್ತದೆ. ಪಾಸಿಗೆ ಲೆಕ್ಕ ಹಾಕುವಾಗ ಆ ಹೊತ್ತಿಗೆ ಅತಿ ಹತ್ತಿರದ ಎಪಾಕ್ ಇರುವುದನ್ನು ಆರಿಸಿಕೊಳ್ಳಿ.

ಹೆಸರಿನ ಮೇಲೆ ಮಾತ್ರ ಡೇಟಾ ಜೋಡಿಸಬೇಡಿ. ಹೆಸರುಗಳು ಬದಲಾಗುತ್ತವೆ. 2017ರ ಫೆಬ್ರವರಿ 15ರಂದು ನಮ್ಮ ಪಿಎಸ್‌ಎಲ್‌ವಿ ಸಿ37 ಒಂದೇ ಸಲಕ್ಕೆ 104 ಉಪಗ್ರಹ ಬಿಟ್ಟಿತು. ಹೀಗೆ ಗುಂಪಾಗಿ ಹಾರಿದಾಗ ರಡಾರಿಗೆ ಕಾಣುವುದು ಒಂದರ ಹಿಂದೊಂದು ಸಾಲಾಗಿ ಹೋಗುವ ಚುಕ್ಕೆಗಳು. ಯಾವ ಚುಕ್ಕೆ ಯಾರದು ಎಂದು ಮೊದಲ ದಿನಗಳಲ್ಲಿ ಗೊತ್ತಿರುವುದಿಲ್ಲ. ಪಟ್ಟಿಯಲ್ಲಿ ಬರೀ ಆಬ್ಜೆಕ್ಟ್ ಎ, ಆಬ್ಜೆಕ್ಟ್ ಬಿ ಎಂದಿರುತ್ತದೆ, ಆಮೇಲೆ ಒಂದೊಂದಕ್ಕೇ ಹೆಸರು ಬರುತ್ತದೆ, ಕೆಲವೊಮ್ಮೆ ಅದಲುಬದಲೂ ಆಗುತ್ತದೆ. ಉಡಾವಣೆಗೆ ಮೊದಲು ತಂಡದವರು ತಾತ್ಕಾಲಿಕ ಸಂಖ್ಯೆ ಹಾಕಿ ಅಂದಾಜು ಟಿಎಲ್‌ಇ ಕೊಟ್ಟಿರುತ್ತಾರೆ. ನಿಜವಾದ ಸಂಖ್ಯೆ ಬಂದ ಕೂಡಲೇ ಅದನ್ನು ಬಳಕೆಯಿಂದ ತೆಗೆಯಿರಿ. ಇಲ್ಲದಿದ್ದರೆ ಒಂದೇ ಉಪಗ್ರಹ ಪರದೆ ಮೇಲೆ ಎರಡು ಜಾಗದಲ್ಲಿ ಕಾಣುತ್ತದೆ.

ಇನ್ನೊಂದು ಬದಲಾವಣೆಗೂ ತಯಾರಿರಿ. ಟಿಎಲ್‌ಇಯಲ್ಲಿ ಕ್ಯಾಟಲಾಗ್ ಸಂಖ್ಯೆಗೆ ಇರುವುದು ಐದೇ ಸ್ಥಾನ. ಇಸವಿಗೆ ಎರಡೇ. ಆರಂಕಿ ಸಂಖ್ಯೆಗೆ ಈ ಅಚ್ಚಿನಲ್ಲಿ ಜಾಗವಿಲ್ಲ. ಅದಕ್ಕಾಗಿಯೇ ಓಎಂಎಂ ಎಂಬ ಹೊಸ ರೂಪ ಬಂದಿದೆ. ಅಂಕಿಗಳು ಅವೇ, ಆದರೆ ಜೇಸನ್ ಅಥವಾ ಸಿಎಸ್‌ವಿಯಲ್ಲಿ, ಪ್ರತಿಯೊಂದರ ಮುಂದೆ ಅದರ ಹೆಸರು ಬರೆದು. ಸ್ಥಾನ ಎಣಿಸುವ ತಾಪತ್ರಯವಿಲ್ಲ. ಜಿಪ್ರಿಡಿಕ್ಟ್‌ಗೆ ಟಿಎಲ್‌ಇಯೇ ಬೇಕು, ಅದು ಹಾಗಿರಲಿ. ವಿದ್ಯಾರ್ಥಿಗಳು ಹೊಸದಾಗಿ ಬರೆಯುವ ಪ್ರೋಗ್ರಾಂ ಮಾತ್ರ ಇವತ್ತಿನಿಂದಲೇ ಓಎಂಎಂ ಓದಲಿ, ಸ್ಕೈಫೀಲ್ಡ್‌ಗೆ ಅದು ಬರುತ್ತದೆ.

ಎಷ್ಟು ದಿನಕ್ಕೊಮ್ಮೆ ಹೊಸದು ಮಾಡಬೇಕು? ನಿಲ್ದಾಣ ಮತ್ತು 500 ಕಿ.ಮೀ. ಒಳಗಿನವಕ್ಕೆ ದಿನವೂ. ಮೀಟಿಯಾರ್ ಎತ್ತರದವಕ್ಕೆ ವಾರಕ್ಕೊಮ್ಮೆ ನಡೆಯುತ್ತದೆ. ಹೇಗೂ ಒಂದೇ ಸ್ಕ್ರಿಪ್ಟ್ ತಾನೇ, ಎಲ್ಲವನ್ನೂ ದಿನಕ್ಕೊಮ್ಮೆ ತನ್ನಿ. ಅಂದಹಾಗೆ, ನಿಮ್ಮ ಪಟ್ಟಿಯಲ್ಲಿ ಅಮೆರಿಕದ ಹವಾಮಾನ ಉಪಗ್ರಹಗಳಾದ ನೋವಾ 15, 18, 19 ಇದ್ದರೆ ತೆಗೆದುಬಿಡಿ. ಮೂರನ್ನೂ 2025ರಲ್ಲಿ ನಿವೃತ್ತಿ ಮಾಡಿದರು. ಅವುಗಳ ಟಿಎಲ್‌ಇ ಬರುತ್ತಲೇ ಇರುತ್ತದೆ, ಪಾಸೂ ತೋರಿಸುತ್ತದೆ, ಸಿಗ್ನಲ್ ಇರುವುದಿಲ್ಲ.

ಈ ಡೇಟಾದಿಂದ ಏನು ಮಾಡಬಾರದು ಎಂಬುದೂ ಗೊತ್ತಿರಲಿ. ಎರಡು ಉಪಗ್ರಹ ಡಿಕ್ಕಿ ಹೊಡೆಯುತ್ತವಾ ಎಂದು ಟಿಎಲ್‌ಇ ನೋಡಿ ತೀರ್ಮಾನಿಸಲು ಆಗುವುದಿಲ್ಲ. ಕಿಲೋಮೀಟರುಗಟ್ಟಲೆ ತಪ್ಪಿರುವ ಅಂಕಿ ಅದಕ್ಕೆ ಸಾಲದು. ಬೆಂಗಳೂರಿನ ಪೀಣ್ಯದಲ್ಲಿರುವ ಇಸ್ರೋ ಕೇಂದ್ರ ಇಸ್ಟ್ರ್ಯಾಕ್ ನಮ್ಮ ಉಪಗ್ರಹಗಳ ದೂರ ಮತ್ತು ಡಾಪ್ಲರ್ (ಉಪಗ್ರಹದ ಓಟದಿಂದ ಸಿಗ್ನಲಿನ ಫ್ರೀಕ್ವೆನ್ಸಿ ಬದಲಾಗುವುದು) ಅನ್ನು ತನ್ನ ಆಂಟೆನಾಗಳಿಂದಲೇ ಅಳೆದು ಕಕ್ಷೆ ಲೆಕ್ಕ ಹಾಕುತ್ತದೆ. ಡಿಕ್ಕಿಯ ಅಪಾಯ ನೋಡಲೆಂದೇ 2022ರ ಜುಲೈನಲ್ಲಿ ಬೆಂಗಳೂರಿನಲ್ಲಿ ಬೇರೆ ಕೇಂದ್ರವನ್ನೇ ತೆರೆದರು. ಹಾಸನದ ಇಸ್ರೋ ನಿಯಂತ್ರಣ ಕೇಂದ್ರ ಎಂಸಿಎಫ್‌ನವರು ಭೂಸ್ಥಿರ ಉಪಗ್ರಹಗಳನ್ನು ಆಗಾಗ ತಳ್ಳಿ ಜಾಗದಲ್ಲಿ ನಿಲ್ಲಿಸುತ್ತಾರೆ. ಯಾವಾಗ ತಳ್ಳಿದರು ಎಂಬುದು ಟಿಎಲ್‌ಇಗೆ ತಡವಾಗಿ ಗೊತ್ತಾಗುತ್ತದೆ.

ಎಲ್ಲ ಸರಿಹೋಯಿತಾ ಎಂದು ತಿಳಿಯಲು ಒಂದು ಪರೀಕ್ಷೆ ಇದೆ, ನನಗೆ ತುಂಬಾ ಇಷ್ಟವಾದದ್ದು. ಹೊಸ ಟಿಎಲ್‌ಇ ಹಾಕಿದ ಮೇಲೆ ನಿಲ್ದಾಣದ ರಿಪೀಟರ್ (ಕೇಳಿದ್ದನ್ನು ಮತ್ತೆ ಪ್ರಸಾರ ಮಾಡುವ ಹ್ಯಾಮ್ ರೇಡಿಯೋ) ಬರುವ 437.800 ಮೆಗಾಹರ್ಟ್ಸ್ ಮೇಲೆ ಎಸ್‌ಡಿಆರ್ (ಕಂಪ್ಯೂಟರಿಗೆ ಜೋಡಿಸುವ ರೇಡಿಯೋ ರಿಸೀವರ್) ಹಾಕಿ. ಕೇಳುವುದಕ್ಕೆ ಮಾತ್ರ, ಮಾತಾಡಬೇಕಾದರೆ ಹ್ಯಾಮ್ ಲೈಸೆನ್ಸ್ ಬೇಕು. ಡಾಪ್ಲರ್ ತಿದ್ದುಪಡಿ ಆಫ್ ಮಾಡಿ, ವಾಟರ್‌ಫಾಲ್ (ಸಿಗ್ನಲಿನ ಫ್ರೀಕ್ವೆನ್ಸಿಯನ್ನು ಗೆರೆಯಾಗಿ ತೋರಿಸುವ ಚಿತ್ರ) ನೋಡುತ್ತಾ ಕೂತುಕೊಳ್ಳಿ. ನಿಲ್ದಾಣ ಏಳುವಾಗ ಗೆರೆ ಸುಮಾರು 10 ಕಿಲೋಹರ್ಟ್ಸ್ ಮೇಲಿರುತ್ತದೆ. ಹತ್ತಿರ ಬಂದಂತೆ ಇಳಿಯತೊಡಗಿ, ನಡುವೆ ಸರ್ರನೆ ಜಾರಿ, ಮುಳುಗುವಾಗ ಅಷ್ಟೇ ಕೆಳಗಿರುತ್ತದೆ. ಗೆರೆ ಸರಿಯಾಗಿ 437.800 ದಾಟುವ ಕ್ಷಣ ನಿಲ್ದಾಣ ನಿಮಗೆ ಅತಿ ಹತ್ತಿರ ಇರುವ ಕ್ಷಣ. ಎಸ್‌ಡಿಆರ್‌ನ ಫ್ರೀಕ್ವೆನ್ಸಿ ಸ್ವಲ್ಪ ಆಚೀಚೆ ಇದ್ದರೆ, ಗೆರೆ ಅತಿ ಜೋರಾಗಿ ಜಾರುವ ಕ್ಷಣವನ್ನೇ ಹಿಡಿಯಿರಿ. ಆ ಸೆಕೆಂಡನ್ನು ಬರೆದುಕೊಂಡು ಜಿಪ್ರಿಡಿಕ್ಟ್ ಹೇಳಿದ ಹೊತ್ತಿನ ಜೊತೆ ಹೋಲಿಸಿ. ವ್ಯತ್ಯಾಸ ಒಂದೆರಡು ಸೆಕೆಂಡಾದರೆ ರೋಟೇಟರಿಗೆ ಧಾರಾಳ ಸಾಕು. ಹತ್ತು ಸೆಕೆಂಡ್ ಆದರೆ ಎಪಾಕ್ ನೋಡಿ. ಈ ಒಂದು ಸಂಖ್ಯೆಯನ್ನು ಪ್ರತಿ ಪಾಸಿನ ನಂತರ ಅದೇ ಎಸ್‌ಕ್ಯೂಲೈಟ್ ಫೈಲಿನಲ್ಲಿ, ಬಳಸಿದ ಟಿಎಲ್‌ಇಯ ಎಪಾಕ್ ಪಕ್ಕದಲ್ಲಿ ಬರೆದಿಡಲು ವಿದ್ಯಾರ್ಥಿಗಳಿಗೆ ಹೇಳಿ. ಮುಂದಿನ ಸಲ ನಿಲ್ದಾಣ ತಡವಾದರೆ, ಯಾವ ದಿನದಿಂದ ತಡವಾಗತೊಡಗಿತು ಎಂದು ನಿಮ್ಮ ಲ್ಯಾಬಿನಲ್ಲೇ ಗೊತ್ತಾಗುತ್ತದೆ.